ಮುಖಪುಟವನ್ನು ಎರಡು ಸಲ ನೋಡೋಣ

ಎಲ್ಲರಿಗೂ ನಮಸ್ಕಾರ. ರಾಯಚೂರಿನ ಈ ಬಿಸಿಲಲ್ಲಿ ಪುಸ್ತಕದ ಮಾತು ಕೇಳಲು ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯಿತು.

ನೇರವಾಗಿ ವಿಷಯಕ್ಕೆ ಬರುತ್ತೇನೆ. ಪುಸ್ತಕ ಓದದೆ ಮುಖಪುಟ ಮಾಡಬಾರದು. ಇದನ್ನೇ ನಾನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ.

ನನ್ನ ಮೊದಲ ಕಥಾಸಂಕಲನದಲ್ಲಿ ಇದ್ದದ್ದೆಲ್ಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತರ ಕಥೆಗಳು. ಕೊನೆಭಾಗ ಅಂದರೆ ನೀರು ಬಂದು ಮುಟ್ಟದ ಜಾಗ, ಈ ಸಭೆಗೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಅಚ್ಚಾಗಿ ಬಂದ ಪುಸ್ತಕ ನೋಡುತ್ತೇನೆ, ಮುಖಪುಟದ ತುಂಬ ಉಕ್ಕಿ ಹರಿಯುವ ಹೊಳೆ! ದಡದಲ್ಲಿ ತೆಂಗಿನ ತೋಟ ಬೇರೆ. ಇಂಟರ್ನೆಟ್‌ನಿಂದ ಇಳಿಸಿದ ಚಿತ್ರ. ಕೇಳಿದರೆ, "ಚೆನ್ನಾಗಿ ಕಾಣುತ್ತಲ್ಲ ಸರ್" ಎಂದರು ಪ್ರಕಾಶಕರು. ಕಾಣುತ್ತಿತ್ತು, ನಿಜ. ಆದರೆ ಒಳಗಿನ ಒಂದು ಸಾಲನ್ನೂ ಯಾರೂ ಓದಿರಲಿಲ್ಲ. ನಾಲ್ಕು ದಿನ ನನಗೆ ಊಟ ಸೇರಲಿಲ್ಲ.

ಎರಡನೇ ಮುದ್ರಣದ ಹೊತ್ತಿಗೆ ನಮ್ಮೂರಲ್ಲಿ ಬೋರ್ಡ್ ಬರೆಯುವ ಹುಡುಗನೊಬ್ಬ ಕಥೆಗಳನ್ನೆಲ್ಲ ಓದಿಕೊಂಡು ಬಂದ. ಚಿತ್ರವೇ ಬೇಡ ಸರ್ ಎಂದ. ಎರೆಮಣ್ಣಿನ ಬಣ್ಣ ಬಳಿದು, ಅದರ ಮೇಲೆ ಒಂದೇ ಸಾಲಿನಲ್ಲಿ ಹೆಸರು ಬರೆದ. ಮೊದಲ ಅಕ್ಷರದಲ್ಲಿ ನೀಲಿ ತುಂಬಿ ತುಳುಕುತ್ತಿತ್ತು. ಎರಡನೆಯದರಲ್ಲಿ ಅರ್ಧ. ಮೂರನೆಯದರಲ್ಲಿ ತಳದಲ್ಲಷ್ಟೇ. ಕೊನೆಯ ಅಕ್ಷರಕ್ಕೆ ಬರೀ ಗೆರೆ, ಒಳಗೆ ಹನಿ ಬಣ್ಣವಿಲ್ಲ. ಕಾಲುವೆಯ ಕೊನೆಗಿರುವ ಸಿರವಾರ ಕಡೆಯ ಹಿರಿಯರೊಬ್ಬರಿಗೆ ಪುಸ್ತಕ ಕೊಟ್ಟೆ. ಇನ್ನೂ ತೆರೆದೇ ಇರಲಿಲ್ಲ. ಆ ಖಾಲಿ ಅಕ್ಷರದ ಮೇಲೆ ಬೆರಳಿಟ್ಟು, "ಇದು ನಮ್ಮೂರು ನೋಡ್ರಿ" ಅಂದರು.

ಓದಿದ ಕೈ ಮಾಡುವ ಕೆಲಸ ಇದು.

ಇನ್ನೊಂದು ಹೇಳಲೇಬೇಕು. ಇಂಗ್ಲೆಂಡಿನ ಪ್ರಕಾಶಕರಾದ ಪೆಂಗ್ವಿನ್‌ನವರು 1935ರಲ್ಲಿ ಶುರು ಮಾಡಿದಾಗ ಕಾದಂಬರಿಗೆ ಕಿತ್ತಳೆ, ಪತ್ತೇದಾರಿಗೆ ಹಸಿರು ಅಂತ ಬಣ್ಣ ಹಂಚಿದ್ದರು. 2013ರಲ್ಲಿ ವಿನ್ಯಾಸಕ ಡೇವಿಡ್ ಪಿಯರ್ಸನ್ ಅದೇ ಕಿತ್ತಳೆ ಮುಖಪುಟ ತಗೊಂಡು ಆರ್ವೆಲ್‌ರ 'ನೈನ್‌ಟೀನ್ ಎಯ್ಟಿ ಫೋರ್'ಗೆ ಏನು ಮಾಡಿದರು ಗೊತ್ತಾ? ಪುಸ್ತಕದ ಹೆಸರು, ಲೇಖಕರ ಹೆಸರು ಎರಡರ ಮೇಲೂ ಕಪ್ಪು ಪಟ್ಟಿ ಹೊಡೆದುಬಿಟ್ಟರು! ಅಕ್ಷರಗಳನ್ನು ಮೊದಲು ಒಳಕ್ಕೆ ಒತ್ತಿ, ಮೇಲೆ ಕಪ್ಪು ಹಾಕಿದ್ದಾರೆ. ಹೀಗೆ ಬೆಳಕಿಗೆ ಓರೆಯಾಗಿ ಹಿಡಿಯಿರಿ, ಹೆಸರು ಮಸುಕಾಗಿ ಕಾಣುತ್ತದೆ. ಆಳುವವರು ಮಾತನ್ನೇ ಅಳಿಸಿಹಾಕುವ ಕಾದಂಬರಿ ಅದು. ಓದಿ ಮುಗಿಸಿ ಮತ್ತೆ ಮುಖಪುಟ ನೋಡಿದರೆ ಎದೆ ಝಲ್ಲೆನ್ನುತ್ತದೆ. ಅದಕ್ಕೇ ಎರಡು ಸಲ ನೋಡಿ ಎನ್ನುವುದು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದೇ ನಿಮಿಷವಂತೆ. ಬೆನ್ನುಪುಟ, ಅಕ್ಷರವಿನ್ಯಾಸದ ಮಾತು ಇನ್ನೊಮ್ಮೆ ಆಡೋಣ. ಕನ್ನಡದಲ್ಲಿ ಮುಖಪುಟ ವಿನ್ಯಾಸಕ ಅಪಾರ ಅವರ ಮುಖಪುಟಗಳನ್ನು ಒಟ್ಟಿಗೆ ಹರಡಿಕೊಂಡು ಒಮ್ಮೆ ನೋಡಿ. ನಮ್ಮ ಸಂಡೂರಿನ ಕಥೆಗಾರ ವಸುಧೇಂದ್ರ ಅವರ 'ಛಂದ ಪುಸ್ತಕ' ಪ್ರಕಾಶನ ಮುಖಪುಟಕ್ಕೆಂದೇ ಸ್ಪರ್ಧೆ ನಡೆಸಿದೆ. ಇಂಥದ್ದು ನಮ್ಮ ಭಾಗದಲ್ಲೂ ಆಗಬೇಕು.

ಹೊರಗೆ ಪುಸ್ತಕದ ಮೇಜು ಹಾಕಿದ್ದಾರೆ. ಹೋಗುವಾಗ ಯಾವುದಾದರೂ ನಾಲ್ಕು ಪುಸ್ತಕ ತೆರೆದು, ಮುಖಪುಟ ಮಾಡಿದವರ ಹೆಸರು ಹಾಕಿದ್ದಾರಾ ನೋಡಿ. ಇಲ್ಲದಿದ್ದರೆ ಪ್ರಕಾಶಕರು ಅಲ್ಲೇ ಕೂತಿದ್ದಾರೆ, ಯಾಕೆ ಅಂತ ಕೇಳಿ.