ಮೊದಲು ಚಕ್ರ, ಆಮೇಲೆ ಕೇಬಲ್

ಕೇಳುಗರಿಗೆ ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆಯ ತೋಟದ ಮನೆಗಳಲ್ಲಿ ಟಾರ್ಪಾಲು ಹೊದ್ದು ನಿಂತ ಹಳೇ ಸ್ಪೋರ್ಟ್ಸ್ ಕಾರುಗಳು ಇನ್ನೂ ಅಲ್ಲೊಂದು ಇಲ್ಲೊಂದು ಇವೆ. ಎಂಜಿಬಿ ಇರಬಹುದು, ಟ್ರಯಂಫ್ ಸ್ಪಿಟ್‌ಫೈರ್ ಇರಬಹುದು. ಎರಡೂ ಇಂಗ್ಲೆಂಡಿನವು. ಎರಡೂ 1962ರಲ್ಲಿ ಬಂದವು, 1980ರಲ್ಲಿ ನಿಂತವು. ಅಂಥ ಕಾರು ಇಟ್ಟುಕೊಂಡು, ಭಾನುವಾರ ತಾವೇ ಅದರ ಕೆಳಗೆ ನುಗ್ಗುವವರಿಗಾಗಿ ಈ ಮಾತು. ಎಂಜಿನ್ ಬಗ್ಗೆ ಅಲ್ಲ, ಪೇಂಟ್ ಬಗ್ಗೆ ಅಲ್ಲ. ಬರೀ ಹ್ಯಾಂಡ್ ಬ್ರೇಕ್.

ಹೇಳುವುದು ಒಂದೇ ಮಾತು: ಮೊದಲು ಚಕ್ರ, ಆಮೇಲೆ ಕೇಬಲ್. ಬೇಕಿದ್ದರೆ ಶೆಡ್ಡಿನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡಿ.

ಯಾಕೆ ಅಂತ ಹೇಳುತ್ತೇನೆ. ಕಾಲಿನ ಬ್ರೇಕ್ ಎಣ್ಣೆಯ ಒತ್ತಡದಿಂದ ನಾಲ್ಕೂ ಚಕ್ರ ಹಿಡಿಯುತ್ತದೆ. ಹ್ಯಾಂಡ್ ಬ್ರೇಕ್ ಹಾಗಲ್ಲ. ಅದು ಹಿಡಿಯುವುದು ಹಿಂದಿನ ಎರಡು ಚಕ್ರ ಮಾತ್ರ, ಅದೂ ಕೇಬಲ್ ಎಳೆತದಿಂದ. ಲಿವರ್ ಎಳೆದರೆ, ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಗಿರುವ ಎರಡು ಶೂ, ಅಂದರೆ ಕಮಾನಿನ ಆಕಾರದ ಪಟ್ಟಿಗಳು, ಅಗಲವಾಗಿ ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ. ವರ್ಷಗಟ್ಟಲೆ ಓಡಿದ ಮೇಲೆ ಶೂ ಮೇಲೆ ಅಂಟಿಸಿದ ಪದರ, ಅಂದರೆ ಲೈನರ್, ಸವೆಯುತ್ತದೆ. ಶೂಗೂ ಡ್ರಮ್ಮಿಗೂ ನಡುವೆ ಸಂದು ಜಾಸ್ತಿಯಾಗುತ್ತದೆ. ಆಗ ಮೂರ್ನಾಲ್ಕು ಹಲ್ಲಿಗೆ, ಅಂದರೆ ಮೂರ್ನಾಲ್ಕು ಟಿಕ್ ಸದ್ದಿಗೆ, ಹಿಡಿಯುತ್ತಿದ್ದ ಲಿವರ್ ಎಳೆದಷ್ಟೂ ಮೇಲೆ ಬರುತ್ತದೆ. ಜನ ಏನಂತಾರೆ? ‘ಕೇಬಲ್ ಲೂಸ್ ಆಗಿದೆ.’ ಸ್ಪ್ಯಾನರ್ ತಗೊಂಡು ಕೇಬಲ್ ಬಿಗಿಯುತ್ತಾರೆ. ಬಾಗಿಲು ಪೂರ್ತಿ ಮುಚ್ಚದೆ ಚಿಲಕ ಎಳೆದ ಹಾಗಾಯಿತು ಇದು. ಸಂದು ಇರುವುದು ಚಕ್ರದಲ್ಲಿ, ಅಲ್ವಾ?

ಮೂಡಿಗೆರೆ ಕಡೆಯ ಹುಡುಗನೊಬ್ಬನ ಕಥೆ ಕೇಳಿ. ಕಾಫಿ ತೋಟದವನು, ಪಾಲಿಟೆಕ್ನಿಕ್‌ನಲ್ಲಿ ನನ್ನ ಕೈಕೆಳಗೆ ಕಲಿತವನು. ಅವನ ಹತ್ತಿರ ಕೆಂಪು ಎಂಜಿಬಿ ಇತ್ತು. ಒಂದು ದಿನ ಫೋನ್ ಮಾಡಿದ. ‘ಮೇಷ್ಟ್ರೇ, ಹ್ಯಾಂಡ್ ಬ್ರೇಕ್ ರೆಡಿ ಮಾಡಿಸಿದೀನಿ, ಒಂದೇ ಹಲ್ಲಿಗೆ ಹಿಡಿಯುತ್ತೆ! ಕೊಟ್ಟಿಗೆಹಾರಕ್ಕೆ ಹೋಗಿ ನೀರು ದೋಸೆ ತಿಂದು ಬರೋಣ ಬನ್ನಿ’ ಅಂದ. ಒಂದೇ ಹಲ್ಲಿಗೆ ಅಂದಾಗಲೇ ನನಗೆ ಗುಮಾನಿ ಬಂತು. ಆದರೆ ನೀರು ದೋಸೆ ಅಂದರೆ ಬೇಡ ಅನ್ನುವ ಜಾಯಮಾನ ನನ್ನದಲ್ಲ.

ಹೊರಟೆವು. ತಲೆ ಮೇಲಿನ ಹುಡ್ ತೆಗೆದಿದ್ದ. ತಣ್ಣನೆ ಗಾಳಿ, ರಸ್ತೆ ಬದಿಯ ಸಿಲ್ವರ್ ಓಕ್ ಸಾಲು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾರು ಯಾಕೋ ಎಳೆಯುತ್ತಿಲ್ಲ. ಏರಿನಲ್ಲಿ ಮೂರನೇ ಗೇರಿನಲ್ಲೂ ಒದ್ದಾಟ. ‘ಕಾರ್ಬುರೇಟರ್ ಟ್ಯೂನ್ ಮಾಡಿಸ್ಬೇಕು ಮೇಷ್ಟ್ರೇ’ ಅಂತಾನೆ! ಕೊಟ್ಟಿಗೆಹಾರದ ಹೋಟೆಲ್ ಮುಂದೆ ನಿಲ್ಲಿಸಿದಾಗ ಸುಟ್ಟ ವಾಸನೆ. ಪಕ್ಕದಲ್ಲಿದ್ದ ಜೀಪಿನವರು ‘ಕ್ಲಚ್ ಸುಟ್ಟಿದೆ’ ಅಂದರು. ಬಸ್ಸಿಗೆ ಕಾಯುತ್ತಿದ್ದವರೊಬ್ಬರು ‘ವೈರಿಂಗು’ ಅಂದರು. ನಮ್ಮೂರಲ್ಲಿ ಬಾನೆಟ್ ತೆಗೆಯುವ ಮೊದಲೇ ತೀರ್ಪು ಸಿಗುತ್ತದೆ ನೋಡಿ. ನಾನು ಹಿಂದಿನ ಚಕ್ರದ ಹತ್ತಿರ ಕೂತು ನೀರಿನ ಬಾಟಲಿಯಿಂದ ನಾಲ್ಕು ಹನಿ ಡ್ರಮ್ಮಿನ ಮೇಲೆ ಚಿಮುಕಿಸಿದೆ. ಚುಂಯ್ ಅಂತು! ಆಚೆ ಚಕ್ರಕ್ಕೂ ಹಾಕಿದೆ. ಅಲ್ಲೂ ಚುಂಯ್. ಚಕ್ರದ ಕಡೆ ನೋಡದೆ ಕೇಬಲ್ ಒಂದನ್ನೇ ತುದಿವರೆಗೂ ಬಿಗಿದು ಕಳಿಸಿದ್ದರು. ಲಿವರ್ ಇಳಿಸಿದರೂ ಶೂ ಡ್ರಮ್ಮನ್ನು ಬಿಡುತ್ತಿರಲಿಲ್ಲ. ಅಷ್ಟು ದೂರವೂ ಹ್ಯಾಂಡ್ ಬ್ರೇಕ್ ಹಾಕಿಕೊಂಡೇ ಬಂದಿದ್ದೆವು. ಡ್ರಮ್ ತಣ್ಣಗಾಗುವವರೆಗೆ ದೋಸೆ ತಿಂದೆವು. ಆಮೇಲೆ ಕೇಬಲ್ ಸಡಿಲ ಮಾಡಿ, ನಿಲ್ಲಿಸಿದಲ್ಲೆಲ್ಲ ಟೈರಿಗೆ ಕಲ್ಲು ಕೊಟ್ಟುಕೊಂಡು ವಾಪಸ್ ಬಂದೆವು.

ಕಥೆ ಉದ್ದವಾಯಿತು, ಕೆಲಸಕ್ಕೆ ಬರೋಣ.

ಸಮತಟ್ಟು ಜಾಗದಲ್ಲಿ ಕಾರು ನಿಲ್ಲಿಸಿ. ಮುಂದಿನ ಎರಡೂ ಟೈರುಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡಿ. ಗೇರ್ ನ್ಯೂಟ್ರಲ್, ಹ್ಯಾಂಡ್ ಬ್ರೇಕ್ ಪೂರ್ತಿ ಕೆಳಗೆ. ಹಿಂಭಾಗ ಜಾಕಿಯಲ್ಲಿ ಎತ್ತಿ, ಗಟ್ಟಿ ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿ ನಂಬಿ ಕಾರಿನ ಕೆಳಗೆ ಹೋಗಬೇಡಿ. ಇಟ್ಟಿಗೆಯೂ ಬೇಡ, ಇಟ್ಟಿಗೆ ಒಡೆಯುತ್ತದೆ. ಮೊದಲು ಕೇಬಲ್ಲನ್ನು ಸ್ವಲ್ಪ ಸಡಿಲ ಬಿಡಿ.

ಈಗ ಚಕ್ರ. ಡ್ರಮ್ಮಿನ ಹಿಂದಿನ ತಟ್ಟೆಯಲ್ಲಿ ಚೌಕಾಕಾರದ ತಲೆಯ ಪುಟ್ಟ ಅಡ್ಜಸ್ಟರ್ ಇದೆ, ಒಂದೊಂದು ಚಕ್ರಕ್ಕೆ ಒಂದೊಂದು. ಎಷ್ಟೋ ಕಾರುಗಳಲ್ಲಿ ಅದು ಕೆಸರು, ಗ್ರೀಸು ಮೆತ್ತಿ ಕಾಣಿಸುವುದೇ ಇಲ್ಲ. ವೈರ್ ಬ್ರಷ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಹಿಂದಿನ ರಾತ್ರಿಯೇ ಬಿಡಿ. ಆ ಚೌಕಕ್ಕೆ ಸರಿಯಾಗಿ ಕೂರುವ ಬ್ರೇಕ್ ಸ್ಪ್ಯಾನರ್ ಬೇರೆಯೇ ಸಿಗುತ್ತದೆ. ಸಿಕ್ಕಿದ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಮೂಲೆ ಸವೆದು ತಲೆ ಉರುಟಾಗುತ್ತದೆ, ಆಮೇಲೆ ದೇವರೇ ಗತಿ.

ಬಲಕ್ಕೆ ತಿರುಗಿಸುತ್ತಾ ಹೋಗಿ. ಚಕ್ರ ಕೈಯಲ್ಲಿ ತಿರುಗದಷ್ಟು ಗಟ್ಟಿಯಾಗಲಿ. ಒಂದು ಸಲ ಕಾಲಿನ ಬ್ರೇಕ್ ಜೋರಾಗಿ ತುಳಿಯಿರಿ, ಶೂ ಸರಿಯಾಗಿ ಕೂರಲಿ. ಆಮೇಲೆ ಚಕ್ರ ಬಿಡುಗಡೆಯಾಗುವಷ್ಟು ಮಾತ್ರ ಎಡಕ್ಕೆ ಬಿಡಿ. ತಿರುಗಿಸುವಾಗ ಸಣ್ಣಗೆ ಸರ್ ಸರ್ ಅಂದರೆ ಪರವಾಗಿಲ್ಲ, ಹಿಡಿಯಬಾರದು ಅಷ್ಟೆ. ಆಚೆ ಚಕ್ರ ಉಲ್ಟಾ ತಿರುಗಿದರೆ ಗಾಬರಿ ಬೇಡ, ಅದು ಎರಡೂ ಚಕ್ರದ ನಡುವಿನ ಗೇರುಗಳ, ಅಂದರೆ ಡಿಫರೆನ್ಷಿಯಲ್ಲಿನ, ಗುಣ. ಇನ್ನೊಂದು ಚಕ್ರಕ್ಕೂ ಹೀಗೇ ಮಾಡಿ.

ಈಗ, ಈಗ ಮಾತ್ರ, ಕೇಬಲ್. ಎಂಜಿಬಿಯಲ್ಲಿ ಲಿವರ್ ಬುಡಕ್ಕೆ, ಕಾರಿನ ಅಡಿಯಲ್ಲಿ, ಹಿತ್ತಾಳೆಯ ನಟ್ ಇದೆ. ಅದನ್ನು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಲಿವರ್ ಮೂರು ನಾಲ್ಕು ಹಲ್ಲಿಗೆ ಹಿಡಿಯಬೇಕು, ಇಳಿಸಿದರೆ ಎರಡೂ ಚಕ್ರ ಆರಾಮಾಗಿ ತಿರುಗಬೇಕು. ಇಷ್ಟು ಮಾಡಿಯೂ ಹಿಡಿಯದಿದ್ದರೆ ಡ್ರಮ್ ಬಿಚ್ಚಿ. ಲೈನರ್ ಮುಗಿದಿರುತ್ತದೆ, ಇಲ್ಲವೇ ಆಕ್ಸಲ್ ಎಣ್ಣೆ ಸೋರಿ ಅದಕ್ಕೆ ಮೆತ್ತಿರುತ್ತದೆ. ಒಳಗಿನ ಧೂಳನ್ನು ಊದಬೇಡಿ, ಹಳೇ ಲೈನರಿನಲ್ಲಿ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಸಮಯ ಆಗುತ್ತಾ ಬಂತು. ಕೇಬಲ್ಲಿನ ಗ್ರೀಸ್ ನಿಪ್ಪಲ್ಲಿಗೆ ಮಳೆಗಾಲಕ್ಕೆ ಮುಂಚೆ ಗ್ರೀಸ್ ಹೊಡೆಯಿರಿ. ಮಳೆಗಾಲವಿಡೀ ಕಾರು ಶೆಡ್ಡಿನಲ್ಲೇ ಇರುವುದಾದರೆ ಹ್ಯಾಂಡ್ ಬ್ರೇಕ್ ಹಾಕಿ ಬಿಡಬೇಡಿ, ತೇವಕ್ಕೆ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಟೈರಿಗೆ ಕಲ್ಲು ಕೊಡಿ. ಮೊದಲ ಸಲ ಓಡಿಸಿ ಬಂದ ಮೇಲೆ ಹಿಂದಿನ ಡ್ರಮ್ಮುಗಳ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಬೆಚ್ಚಗಿದ್ದು ಇನ್ನೊಂದು ಕಾದಿದ್ದರೆ, ಕಾದ ಕಡೆ ಅಡ್ಜಸ್ಟರ್ ಇನ್ನೊಂದು ಚೂರು ಬಿಡಿ. ಕೇಬಲ್ ಮುಟ್ಟಬೇಡಿ. ನಮಸ್ಕಾರ.