ಮಾವನ ಕಪಾಟಿನಲ್ಲಿ ಮಲಗಿದ್ದ 25 ವರ್ಷದ ಬಾಟಲಿ

ನಮಸ್ಕಾರ. ಹಿಂದೆ ಕೇಳುತ್ತಿರುವುದು ಮಳೆ, ನಿಮ್ಮ ಇಯರ್‌ಫೋನಿನ ದೋಷವಲ್ಲ. ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಮನೆಗೆ ಹೆಂಚಿನ ಮಾಡು. ಜೂನ್ ತಿಂಗಳಿನಲ್ಲಿ ಈ ಮಾಡಿನ ಕೆಳಗೆ ಕುಳಿತು ಮಾತನಾಡುವವರು ಸ್ವರ ಏರಿಸಲೇಬೇಕು.

ಹಿಂದಿನ ವಿಡಿಯೊದ ಕೊನೆಯಲ್ಲಿ ತೋರಿಸಿದ್ದ ಬಾಟಲಿ ಇದೇ. ಲೇಬಲಿನ ಮೇಲೆ ಕಾಗದ ಅಂಟಿಸಿದ್ದೇನೆ, ಏಕೆಂದರೆ ಇದು ಯಾರ ಜಾಹೀರಾತೂ ಅಲ್ಲ. ಸ್ಕಾಟ್ಲೆಂಡಿನ ಸ್ಪೇಸೈಡ್ ಸೀಮೆಯ ಸಿಂಗಲ್ ಮಾಲ್ಟ್ ವಿಸ್ಕಿ, ಅಂದರೆ ಒಂದೇ ಭಟ್ಟಿಯಲ್ಲಿ ಬಾರ್ಲಿಯ ಮೊಳಕೆಯಿಂದ ಇಳಿಸಿದ್ದು, 25 ವರ್ಷ ಶೆರಿ ವೈನಿನ ಪೀಪಾಯಿಯಲ್ಲಿ ಮಾಗಿದ್ದು, ಮದ್ಯಸಾರ ಶೇಕಡಾ 43. ಇಷ್ಟು ಗೊತ್ತಿದ್ದರೆ ಸಾಕು.

ಬಾಟಲಿ ನನ್ನ ಮಾವನದು, ಅಂದರೆ ಅಮ್ಮನ ಅಣ್ಣನದು. 2014ರಲ್ಲಿ ದುಬೈಯಿಂದ ತಂದದ್ದು. ಬಿಲ್ಲು ಪೆಟ್ಟಿಗೆಯೊಳಗೇ ಇತ್ತು, ಈಗ ತೋರಿಸುತ್ತಿದ್ದೇನಲ್ಲ, 780 ದಿರ್ಹಮ್. ಆಗಿನ ಲೆಕ್ಕದಲ್ಲಿ ಹನ್ನೆರಡು ಸಾವಿರ ರೂಪಾಯಿಯ ಮೇಲೆ. ಅಮ್ಮ ಇದನ್ನು ಕೇಳಿದ ಕೂಡಲೇ, "ಅರ್ಧ ಪವನು ಬಂಗಾರ ಬರುತ್ತಿತ್ತು" ಎಂದರು. ಮಾವ ಅದನ್ನು ಮಗನ ಮದುವೆಗೆ ತೆರೆಯಬೇಕೆಂದು ಇಟ್ಟಿದ್ದರು. ಮದುವೆಯ ಗದ್ದಲದಲ್ಲಿ ಮರೆತುಹೋಯಿತು. ಆಮೇಲೆ ಮನೆ ಒಕ್ಕಲಿಗೆ ಎಂದರು. ಅದೂ ಮುಗಿಯಿತು. ಎರಡು ವರ್ಷದ ಹಿಂದೆ ಅವರಿಗೆ ಹೃದಯದ ಶಸ್ತ್ರಚಿಕಿತ್ಸೆ ಆಯಿತು, ಕುಡಿಯುವುದನ್ನು ಪೂರ್ತಿ ಬಿಟ್ಟರು. ನಮ್ಮದು ಅಳಿಯಕಟ್ಟಿನ ಮನೆತನ, ಮಾವನಿಂದ ಅಳಿಯನಿಗೆ ಬರುವುದು ಇಲ್ಲಿ ಹೊಸದಲ್ಲ. ಆದರೆ ಈ ಬಾಟಲಿಯನ್ನು ಅವರು ಕೈಗಿತ್ತ ರೀತಿ ನನ್ನ ಮನಸ್ಸಿನಲ್ಲಿ ಉಳಿದಿದೆ. "ನೀನಾದರೂ ತೆರೆ ಮಾರಾಯ, ಇದಕ್ಕೆ ಇನ್ನು ಮುಹೂರ್ತ ನೋಡಬೇಡ" ಎಂದರು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಇದು 25 ವರ್ಷದ್ದು, ಮಾವನ ಮನೆಯಲ್ಲಿ ಇನ್ನೂ ಹನ್ನೊಂದು ವರ್ಷ ಕಳೆಯಿತು, ಹಾಗಾದರೆ ಈಗ 36 ಅಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ವಿಸ್ಕಿಗೆ ವಯಸ್ಸಾಗುವುದು ಮರದೊಳಗೆ ಮಾತ್ರ. ಗಾಜಿಗೆ ಇಳಿದ ದಿನವೇ ಅದರ ಲೆಕ್ಕ ನಿಂತುಹೋಗುತ್ತದೆ. ಲೇಬಲಿನ ಮೇಲಿನ ಅಂಕಿ ಕೂಡ ಒಳಗಿರುವುದರಲ್ಲಿ ಎಲ್ಲಕ್ಕಿಂತ ಎಳೆಯದರ ವಯಸ್ಸು. ಉಳಿದದ್ದು ಅದಕ್ಕಿಂತ ಹಳೆಯದೂ ಇರಬಹುದು. ಪೀಪಾಯಿಯಲ್ಲಿ ಕಾದದ್ದಕ್ಕೆ ಫಲವಿದೆ, ಕಪಾಟಿನಲ್ಲಿ ಕಾದದ್ದಕ್ಕೆ ಏನೂ ಇಲ್ಲ. ಇದನ್ನು ಮಾವನಿಗೆ ಹೇಳಿದಾಗ ಅವರ ಮುಖ ಸಣ್ಣದಾಯಿತು, ಹೇಳಬಾರದಿತ್ತೇನೋ.

ಈಗ ಆ ಬಿರಡೆಯ ಕಥೆ. ನೀವು ನೋಡುತ್ತಿರುವುದು ಎರಡು ನಿಮಿಷದ ದೃಶ್ಯ, ನನಗೆ ಹಿಡಿದದ್ದು ಒಂದೂಕಾಲು ಗಂಟೆ. ಮಾವನ ಕಪಾಟಿನ ತಟ್ಟು ಗಿಡ್ಡ, ಬಾಟಲಿ ನಿಲ್ಲುತ್ತಿರಲಿಲ್ಲ. ಅದಕ್ಕೆ ಅಡ್ಡ ಮಲಗಿಸಿದ್ದರು. ವೈನಿಗೆ ಅದು ಸರಿ, ವಿಸ್ಕಿಗೆ ಖಂಡಿತ ತಪ್ಪು. ಇಷ್ಟು ಗಟ್ಟಿ ಮದ್ಯಸಾರ ಹನ್ನೊಂದು ವರ್ಷ ಕಾರ್ಕಿನ ಮೈಗೆ ತಾಗಿಕೊಂಡೇ ಇದ್ದರೆ ಕಾರ್ಕ್ ಹಿಂಡಿಯ ಹಾಗೆ ಪುಡಿಯಾಗುತ್ತದೆ. ನಾನು ಮೆಲ್ಲನೆ ತಿರುಗಿಸಿದೆ. ಮೇಲಿನ ಮರದ ತಲೆ ಮಾತ್ರ ಕೈಗೆ ಬಂತು. ಅರ್ಧ ಬಿರಡೆ ಕುತ್ತಿಗೆಯಲ್ಲೇ ಉಳಿಯಿತು. ತಿರುಪು ಹಾಕಿ ಎಳೆದೆ, ನಡುವೆ ತೂತಾಯಿತೇ ಹೊರತು ಅದು ಜಗ್ಗಲಿಲ್ಲ. ಅಂಚಿನಲ್ಲಿ ತೆಳು ಚೂರಿ ಇಳಿಸಿದೆ, ಇನ್ನಷ್ಟು ಪುಡಿ ಉದುರಿತು. ಕೊನೆಗೆ ಬೇರೆ ದಾರಿ ಇಲ್ಲದೆ ಒಳಗೆ ತಳ್ಳಿದೆ. ಆ ಬಣ್ಣದ ಮೇಲೆ ಕಾರ್ಕಿನ ಪುಡಿ ತೇಲುವುದನ್ನು ನೋಡುವಾಗ ನನ್ನ ಕೈ ನಡುಗುತ್ತಿತ್ತು, ಕ್ಯಾಮೆರಾದಲ್ಲಿ ಅದು ಕಾಣುತ್ತಿದೆ.

ಸೋಸಬೇಕಲ್ಲ, ಯಾವುದರಲ್ಲಿ ಸೋಸುವುದು? ಮೊದಲು ಚಹಾದ ಜರಡಿ ಹಿಡಿದೆ. ಒಂದು ಚಮಚದಷ್ಟು ಇಳಿದ ಮೇಲೆ ಮೂಸಿದರೆ ಶುಂಠಿ, ಏಲಕ್ಕಿ! ಎಷ್ಟು ತೊಳೆದರೂ ಜರಡಿ ಚಹಾದ ವಾಸನೆ ಬಿಡುವುದಿಲ್ಲ. ಅಮ್ಮ ತೆಂಗಿನ ಹಾಲು ಹಿಂಡುವ ಬಟ್ಟೆ ತಂದುಕೊಟ್ಟರು. ಅದರಲ್ಲಿ ಕಾಯಿಯ ಜಿಡ್ಡು. ಬೇಡವೆಂದದ್ದಕ್ಕೆ ಅಮ್ಮನಿಗೆ ಬೇಸರ. "ನಿನಗೆ ಪಾಯಸ ಆಗುವ ಬಟ್ಟೆ, ಇದಕ್ಕೆ ಆಗುವುದಿಲ್ಲವೋ?" ಕೊನೆಗೆ ಹೊಸ ಮಲ್ ಬಟ್ಟೆಯ ತುಂಡನ್ನು ಸಾಬೂನು ಮುಟ್ಟಿಸದೆ ಎರಡು ಸಲ ಕುದಿಸಿ, ಹಿಂಡಿ, ನಾಲ್ಕು ಮಡಿಕೆ ಮಾಡಿ ಗಾಜಿನ ಆಲಿಕೆಗೆ ಕಟ್ಟಿದೆ. ಕುದಿನೀರಿನಲ್ಲಿ ತೊಳೆದು ಒಣಗಿಸಿದ ಇನ್ನೊಂದು ಬಾಟಲಿಗೆ ಇಳಿಸಿದೆ. ಬಟ್ಟೆ ಸ್ವಲ್ಪ ಕುಡಿಯಿತು, ಆ ಶುಂಠಿಯ ಚಮಚ ಚೆಲ್ಲಿಹೋಯಿತು. ಉಳಿದದ್ದು ಪೂರ್ತಿ ಬಂತು. ನಿಮ್ಮ ಮನೆಯಲ್ಲಿ ಇಂಥದ್ದು ಇದ್ದರೆ ಈ ವಿಡಿಯೊ ನಿಲ್ಲಿಸಿ ಮೊದಲು ಅದನ್ನು ಎಬ್ಬಿಸಿ ನಿಲ್ಲಿಸಿ ಬನ್ನಿ.

ಸುರಿಯುವುದನ್ನು ನೋಡಿದಿರಿ. ಗ್ಲಾಸಿನ ಹೊಟ್ಟೆ ಅಗಲ, ಬಾಯಿ ಕಿರಿದು, ಪರಿಮಳ ಹೊರಗೆ ಚೆದುರದೆ ಮೂಗಿನ ಕಡೆಗೆ ಬರಲಿ ಎಂದು. ಗ್ಲಾಸಿನ ಒಳಗೋಡೆಯ ಮೇಲೆ ಇಳಿಯುವ ಗೆರೆಗಳನ್ನು ನೋಡಿ ಗುಣಮಟ್ಟ ಅಳೆಯುವವರಿದ್ದಾರೆ, ಅದೆಲ್ಲ ಸುಳ್ಳು. ಅದು ಮದ್ಯಸಾರ ಮತ್ತು ನೀರಿನ ಎಳೆದಾಟ, ಅಷ್ಟೇ. ಬಣ್ಣ ನೋಡಿಯೂ ಮರುಳಾಗಬೇಡಿ. ಸ್ಕಾಚ್‌ಗೆ ಸಕ್ಕರೆ ಸುಟ್ಟ ಬಣ್ಣ ಸೇರಿಸಲು ಕಾನೂನಿನಲ್ಲೇ ಅವಕಾಶವಿದೆ.

ಚಿತ್ರೀಕರಣದ ಜಾಗ ಬದಲಾದದ್ದನ್ನು ಗಮನಿಸಿದಿರಾ? ಮೊದಲು ಹಿಂದಿನ ಜಗಲಿಯಲ್ಲಿ ಕುಳಿತಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, 61 ದಿನದ ನಿಷೇಧ. ಹಾಗಾಗಿ ಈಗ ಕೇರಿಯಲ್ಲೆಲ್ಲ ಒಣಮೀನು. ಪಕ್ಕದ ಮನೆಯಲ್ಲಿ ಕೆಂಡದ ಮೇಲೆ ಸುಡಲು ಶುರು ಮಾಡಿದರು. ನನಗೆ ಒಣಮೀನೆಂದರೆ ಪ್ರಾಣ, ಗಂಜಿಯ ಜೊತೆ ಬೇರೇನೂ ಬೇಡ. ಆದರೆ ಆ ವಾಸನೆಯ ಎದುರು ಯಾವ ಪರಿಮಳವೂ ನಿಲ್ಲುವುದಿಲ್ಲ. ಸ್ಕಾಟ್ಲೆಂಡಿನ ಐಲಾ ದ್ವೀಪದ ಹೊಗೆ ವಿಸ್ಕಿಯಾಗಿದ್ದರೆ ಬಹುಶಃ ಎದುರಿಸುತ್ತಿತ್ತು. ಅಲ್ಲಿ ಪೀಟ್ ಎಂಬ ಜೌಗು ಮಣ್ಣನ್ನು ಉರಿಸಿ ಬಾರ್ಲಿಯ ಮೊಳಕೆ ಒಣಗಿಸುತ್ತಾರೆ, ಕುಡಿದರೆ ನಮ್ಮ ಬಚ್ಚಲೊಲೆಯ ಹೊಗೆ ನೆನಪಾಗುತ್ತದೆ. ಇದು ಆ ಜಾತಿಯದಲ್ಲ. ಅದಕ್ಕೆ ಎಲ್ಲವನ್ನೂ ಎತ್ತಿಕೊಂಡು ಚಾವಡಿಗೆ ಬಂದೆ, ಸೊಳ್ಳೆಬತ್ತಿಯನ್ನೂ ಆರಿಸಿದೆ.

ಸರಿ, ಮೂಗು. ಇಲ್ಲಿ ನಮ್ಮ ಊರಿನ ಸೆಕೆಯ ಲೆಕ್ಕ ಬೇರೆ. ಸ್ಕಾಟ್ಲೆಂಡಿನ ತಂಪು ಕೋಣೆಯಲ್ಲಿ ಮಾಡುವ ಹಾಗೆ ಮೂಗನ್ನು ಗ್ಲಾಸಿಗೆ ಇಳಿಸಿದರೆ ಇಲ್ಲಿ ಮದ್ಯಸಾರ ನೇರ ನೆತ್ತಿಗೆ ಹೊಡೆಯುತ್ತದೆ. ಗ್ಲಾಸನ್ನು ಗದ್ದದ ಹತ್ತಿರ ಹಿಡಿಯಿರಿ, ಬಾಯಿ ಸ್ವಲ್ಪ ತೆರೆದಿಟ್ಟುಕೊಳ್ಳಿ, ಮೆಲ್ಲನೆ ಎಳೆದುಕೊಳ್ಳಿ. ಮಂಜುಗಡ್ಡೆ ಹಾಕಬೇಡಿ. ತಣ್ಣಗಾದರೆ ಪರಿಮಳ ಮುದುಡಿಕೊಳ್ಳುತ್ತದೆ, ಮತ್ತೆ ಇಷ್ಟು ವರ್ಷ ಕಾದದ್ದು ಯಾವುದಕ್ಕೆ?

ಮೊದಲ ಸಲ ನನಗೆ ಸಿಕ್ಕಿದ್ದು ಒಣದ್ರಾಕ್ಷಿ, ಕಿತ್ತಳೆ ಸಿಪ್ಪೆ. ಡಿಸೆಂಬರಿನಲ್ಲಿ ಎದುರು ಮನೆಯವರು ಕ್ರಿಸ್ಮಸ್ ತಿಂಡಿ ಕುಸ್ವಾರಿನ ತಟ್ಟೆಯಲ್ಲಿ ಕಳುಹಿಸುವ ಕೇಕಿನ ಮೇಲಿನ ಕಾಗದ ಬಿಚ್ಚಿದಾಗ ಬರುವ ಘಮ. ಕುಡಿದೆ. ನಿಜ ಹೇಳುತ್ತೇನೆ, ನಿರಾಸೆಯಾಯಿತು. ನಾಲಿಗೆಯ ಬದಿಗಳು ಬಿಗಿದುಕೊಂಡವು, ಎಳೆ ಗೇರುಹಣ್ಣು ಕಚ್ಚಿದ ಹಾಗೆ ಒಗರು. ಮರ ಜಾಸ್ತಿಯಾಯಿತು, ಇದನ್ನು ಹದಿನೆಂಟು ವರ್ಷಕ್ಕೇ ಬಾಟಲಿಗೆ ಇಳಿಸಬೇಕಿತ್ತು ಎಂದು ಆಗ ಕ್ಯಾಮೆರಾದ ಎದುರೇ ಹೇಳಿದ್ದೇನೆ. ಆ ಮಾತನ್ನು ಕತ್ತರಿಸದೆ ಇಟ್ಟಿದ್ದೇನೆ. ವಯಸ್ಸು ಹೆಚ್ಚಾದಷ್ಟೂ ರುಚಿ ಹೆಚ್ಚುತ್ತದೆ ಎಂಬುದು ನಿಯಮವಲ್ಲ. ಪೀಪಾಯಿ ಅತಿಯಾದರೆ ಒಳಗಿನ ಧಾನ್ಯದ ಗುಣವೇ ಮುಳುಗಿಹೋಗುತ್ತದೆ.

ಗ್ಲಾಸು ಹಾಗೇ ಇಪ್ಪತ್ತು ನಿಮಿಷ ಕುಳಿತಿರಲಿ, ಅಷ್ಟರಲ್ಲಿ ಆ ಮರದ ಸಂಗತಿ ಹೇಳುತ್ತೇನೆ. ಶೆರಿ ಎಂದರೆ ಸ್ಪೇನಿನ ಹೆರೆಸ್ ಸೀಮೆಯ ವೈನು. ಹಿಂದೆ ಅದು ಪೀಪಾಯಿಯಲ್ಲೇ ಬ್ರಿಟನ್ನಿಗೆ ಬರುತ್ತಿತ್ತು, ಖಾಲಿಯಾದ ಪೀಪಾಯಿ ವಿಸ್ಕಿಯವರ ಪಾಲಾಗುತ್ತಿತ್ತು. 1980ರ ದಶಕದಲ್ಲಿ ಸ್ಪೇನಿನಲ್ಲೇ ಬಾಟಲಿಗೆ ತುಂಬಬೇಕೆಂದಾದ ಮೇಲೆ ಆ ದಾರಿ ಮುಚ್ಚಿತು. ಈಗ ಹೊಸ ಪೀಪಾಯಿ ಮಾಡಿಸಿ, ಅದರಲ್ಲಿ ಒಂದೆರಡು ವರ್ಷ ಶೆರಿ ತುಂಬಿಸಿಟ್ಟು, ಅನಂತರ ತರಿಸುತ್ತಾರೆ. ಹೊಸ ದೋಸೆಕಾವಲಿಯನ್ನು ಎಣ್ಣೆ ಸವರಿ ಪಳಗಿಸುವುದಿಲ್ಲವೇ, ಹಾಗೆ. ಬೆಲೆ ಏರಲು ಇದೂ ಒಂದು ಕಾರಣ.

ಇನ್ನೊಂದು ಕಾರಣ, ಆವಿಯಾಗಿ ಹೋಗುವುದು. ದೊಡ್ಡ ಶೆರಿ ಪೀಪಾಯಿ ಸುಮಾರು 500 ಲೀಟರಿನದು. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು ಶೇಕಡಾ 2 ಗಾಳಿಗೆ ಹೋಗುತ್ತದೆ, ದೇವದೂತರ ಪಾಲು ಎನ್ನುತ್ತಾರೆ. 25 ವರ್ಷ ಕಳೆದರೆ ಉಳಿಯುವುದು 300 ಲೀಟರ್. ನಮ್ಮ ಬೆಂಗಳೂರಿನಲ್ಲಿ ಈ ನಷ್ಟ ವರ್ಷಕ್ಕೆ ಶೇಕಡಾ 10ರ ಮೇಲೆ. ಹತ್ತೇ ಎಂದಿಟ್ಟುಕೊಂಡರೂ 25 ವರ್ಷಕ್ಕೆ 36 ಲೀಟರ್ ಮಾತ್ರ ಉಳಿದೀತು. ಅದಕ್ಕೇ ನಮ್ಮ ದೇಶದ ಮಾಲ್ಟ್‌ಗಳಲ್ಲಿ ಇಂಥ ಅಂಕಿ ಕಾಣುವುದಿಲ್ಲ. ಅದು ಕೊರತೆಯಲ್ಲ, ಸೆಕೆಯಲ್ಲಿ ಮರ ಬೇಗ ಕೆಲಸ ಮಾಡುತ್ತದೆ. 2004ರಲ್ಲಿ ಬೆಂಗಳೂರಿನ ವಿಸ್ಕಿ ತಯಾರಕರಾದ ಅಮೃತ್‌ನವರು ತಮ್ಮ ಸಿಂಗಲ್ ಮಾಲ್ಟ್ ಅನ್ನು ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೋದಲ್ಲಿ, ಸ್ಕಾಚ್‌ನ ಅಂಗಳದಲ್ಲೇ. ಅವರದೇ ಒಂದು ಬಾಟಲಿಯ ಹೆಸರು ಗ್ರೀಡಿ ಏಂಜಲ್ಸ್, ದುರಾಸೆಯ ದೇವದೂತರು. ನಾವು ನಮ್ಮ ದೈವ ಕೊರಗಜ್ಜನಿಗೆ ಅಗೆಲು ಎಂಬ ನೈವೇದ್ಯ ಬಡಿಸುವಾಗ ಶೇಂದಿಯನ್ನೂ ಇಡುತ್ತೇವೆ, ಅದು ನಾವಾಗಿ ಕೈಮುಗಿದು ಕೊಡುವ ಪಾಲು. ಅಲ್ಲಿನವರದು ಕೇಳದೆಯೇ ಹೋಗುತ್ತದೆ.

ಬಾಟಲಿಗೆ ತುಂಬಿದ್ದು 2014ರಲ್ಲಿ ಅಥವಾ ಸ್ವಲ್ಪ ಮೊದಲು ಎಂದಾದರೆ, ಭಟ್ಟಿಯ ತಾಮ್ರದ ಹಂಡೆಯಿಂದ ಇಳಿದದ್ದು 1989ರಲ್ಲೋ ಅದಕ್ಕೂ ಹಿಂದೆಯೋ ಇರಬೇಕು. ಆಗ ಉಡುಪಿ ಜಿಲ್ಲೆ ಆಗಿರಲಿಲ್ಲ, ಅದು 1997ರಲ್ಲಿ ಆದದ್ದು. ಕೊಂಕಣ ರೈಲು ಇರಲಿಲ್ಲ. ಮಾವ ಬಸ್ಸಿನಲ್ಲಿ ಮುಂಬೈಗೆ ಹೋಗಿ ಹೋಟೆಲಿನಲ್ಲಿ ಕೆಲಸಕ್ಕೆ ನಿಂತ ಕಾಲ ಅದು. ಅವರು ಅಲ್ಲಿಂದ ದುಬೈಗೆ ಹೋಗಿ, ಮನೆ ಕಟ್ಟಿಸಿ, ತಂಗಿಯರ ಮದುವೆ ಮಾಡಿಸಿ ಮುಗಿಸುವಷ್ಟು ಹೊತ್ತೂ ಇದು ಮಣ್ಣು ನೆಲದ ಒಂದು ಗೋದಾಮಿನಲ್ಲಿ ಕದಲದೆ ಇತ್ತು. ಮೂರು ವರ್ಷವಾದರೆ ಸ್ಕಾಚ್ ಎಂದು ಮಾರಬಹುದು. ಯಾರೋ ಒಬ್ಬರು ಪ್ರತಿ ವರ್ಷ ಮೂಸಿ ನೋಡಿ, ಇನ್ನೂ ಬೇಡ ಎಂದಿದ್ದಾರೆ. ಪೀಪಾಯಿಗೆ ಮುಚ್ಚಳ ಹಾಕಿದವರೇ ತೆರೆಯುವಾಗ ಇದ್ದರೋ ಇಲ್ಲವೋ. ಇದನ್ನು ಯೋಚಿಸಿದರೆ ಬೆಲೆಯ ಬಗ್ಗೆ ನನಗಿದ್ದ ಸಿಟ್ಟು ಅರ್ಧ ಇಳಿಯುತ್ತದೆ.

ಇಪ್ಪತ್ತು ನಿಮಿಷವಾಯಿತು. ನೀರು ಹಾಕುವುದಿಲ್ಲ ಎಂದು ಬೆಳಿಗ್ಗೆಯಿಂದ ಹಟ ಹಿಡಿದಿದ್ದೆ. ಈಗ ಹಾಕುತ್ತಿದ್ದೇನೆ, ಕುದಿಸಿ ಆರಿಸಿದ ಬಾವಿ ನೀರು, ಮೂರೇ ಹನಿ. ನಳ್ಳಿ ನೀರು ಬೇಡ, ಅದರಲ್ಲಿ ಕ್ಲೋರಿನ್ ಇರುತ್ತದೆ. 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳಿದ್ದು ಇದನ್ನೇ: ನೀರು ಬೆರೆತಾಗ ಗ್ವಾಯಕಾಲ್‌ನಂಥ ಪರಿಮಳದ ಕಣಗಳು ಮೇಲ್ಮೈಗೆ ಬರುತ್ತವೆ. ಮೂಸುತ್ತಿದ್ದೇನೆ. ಒಗರು ಎಲ್ಲಿ ಹೋಯಿತು! ಮಾಂಬಳ. ಬಿಸಿಲಿನಲ್ಲಿ ಚಾಪೆಯ ಮೇಲೆ ಹಚ್ಚಿ ಒಣಗಿಸಿದ ಮಾವಿನ ರಸದ, ಆ ಹುಳಿಸಿಹಿ. ಅದರ ಹಿಂದೆ ಓಲೆಬೆಲ್ಲ. ಈ ಸಲ ನಾಲಿಗೆಯ ಮೇಲೆ ಎಣ್ಣೆಯ ಹಾಗೆ ಹರಡಿತು, ನುಂಗಿ ಎರಡು ನಿಮಿಷವಾದರೂ ಗಂಟಲಲ್ಲಿ ಬೆಚ್ಚಗೆ ಇದೆ. ಹದಿನೆಂಟಕ್ಕೆ ಇಳಿಸಬೇಕಿತ್ತು ಎಂದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ನನಗೆ ಅವಸರವಾಗಿತ್ತು.

ಇನ್ನೂ ಒಂದು ವಾಸನೆ ಇತ್ತು, ನನಗೆ ಹೆಸರು ಸಿಗಲಿಲ್ಲ. ಧೂಳಲ್ಲ, ಮರವೂ ಅಲ್ಲ. ಅಷ್ಟರಲ್ಲಿ ಮಾವ ಕೊಡೆ ಮಡಚಿಟ್ಟು ಒಳಗೆ ಬಂದರು. ಗ್ಲಾಸು ಕೊಡು ಎಂದರು. ಅಮ್ಮ ಅಡುಗೆಮನೆಯಿಂದಲೇ, "ಅಣ್ಣ, ಬೇಡ" ಎಂದರು. "ಕುಡಿಯುವುದಿಲ್ಲ" ಎಂದು ಮಾವ ಗ್ಲಾಸನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡರು. ನಾನು ಕ್ಯಾಮೆರಾ ಸರಿಮಾಡುವಷ್ಟರಲ್ಲಿ ಅವರ ಕಣ್ಣು ಮುಚ್ಚಿತ್ತು. ಎಷ್ಟೋ ಹೊತ್ತಿನ ಮೇಲೆ ಹೇಳಿದರು, "ಪತ್ತಾಯ. ಅಜ್ಜಿಯ ಮನೆಯ ಪತ್ತಾಯದ ಬಾಗಿಲು ತೆಗೆದ ಹಾಗೆ."

ಹೌದು, ಅದೇ. ಭತ್ತ ತುಂಬಿಡುತ್ತಿದ್ದ ಆ ದೊಡ್ಡ ಮರದ ಪೆಟ್ಟಿಗೆ. ಮಳೆಗಾಲದಲ್ಲಿ ಅದರೊಳಗೆ ತಲೆ ಹಾಕಿದರೆ ಒಣ ಧಾನ್ಯ, ಹಲಸಿನ ಹಲಗೆ, ಸ್ವಲ್ಪ ಬೆಚ್ಚಗಿನ ಕತ್ತಲೆ. ಧಾನ್ಯ ಮರದೊಳಗೆ ಮುಳುಗಿಹೋಗಿದೆ ಎಂದಿದ್ದೆನಲ್ಲ, ಮಾವನಿಗೆ ಅದು ಒಂದೇ ಉಸಿರಿಗೆ ಸಿಕ್ಕಿತು.

ಬ್ಯಾಟರಿ ಕೆಂಪಾಗುತ್ತಿದೆ, ಬೇಗ ಹೇಳಿಬಿಡುತ್ತೇನೆ. ಉಳಿದದ್ದನ್ನು ನೆಟ್ಟಗೆ ನಿಲ್ಲಿಸಿದ್ದೇನೆ. ಅರ್ಧಕ್ಕಿಂತ ಕೆಳಗೆ ಇಳಿದ ಮೇಲೆ ಒಳಗಿನ ಗಾಳಿ ರುಚಿ ಸಪ್ಪೆ ಮಾಡುತ್ತದೆ, ಹಾಗಾಗಿ ವರ್ಷದೊಳಗೆ ಮುಗಿಸುವುದು. ಮಾವನ ಮಗ ಆಟಿ ತಿಂಗಳಿನಲ್ಲಿ ಊರಿಗೆ ಬರುತ್ತಾನೆ, ಅವನ ಮದುವೆಯದು ಎಂದು ಇಟ್ಟಿದ್ದರಲ್ಲ, ಅವನಿಗೂ ಒಂದು ಗ್ಲಾಸು ಸಲ್ಲಬೇಕು.

ಈ ಕೊನೆಯ ದೃಶ್ಯ ಮರುದಿನ ಬೆಳಿಗ್ಗೆಯದು. ರಾತ್ರಿ ಮಾವ ಇಲ್ಲೇ ಉಳಿದಿದ್ದರು. ಖಾಲಿ ಗ್ಲಾಸನ್ನು ತೊಳೆಯಬೇಡಿ ಎಂದು ನಾನು ಅಮ್ಮನಿಗೆ ಹೇಳಿದ್ದೆ, ಒಣಗಿದ ಗ್ಲಾಸಿನಲ್ಲಿ ಮದ್ಯಸಾರ ಹೋಗಿ ಮರದ ಜೇನುಘಮ ಮಾತ್ರ ನಿಂತಿರುತ್ತದೆ. ನಾನು ಏಳುವಾಗ ಅದು ಮೇಜಿನ ಮೇಲೆ ಇರಲಿಲ್ಲ. ನೋಡಿ, ಜಗಲಿಯಲ್ಲಿ ಮಾವನ ಕೈಯಲ್ಲಿದೆ.