ಬಳ್ಳಾರಿಯ ಹಳೇ ಕಾರು ಬೀಚಿಗೆ ಹೋದರೆ ಏನಾಗುತ್ತದೆ?

[ದೃಶ್ಯ: ಬಳ್ಳಾರಿ ಗುಡ್ಡದ ಕೆಳಗೆ ನಿಂತ ಹಳೇ ಅಂಬಾಸಿಡರ್]

ನಮಸ್ಕಾರ. ಕಡಲ ತೀರದ ಉತ್ಸವದಲ್ಲಿ ಹಳೇ ಕಾರುಗಳನ್ನು ಸಾಲಾಗಿ ನಿಲ್ಲಿಸಿರುವ ಫೋಟೋ ನೀವೂ ನೋಡಿರುತ್ತೀರಿ. ಹಿಂದೆ ಸಮುದ್ರ, ಮುಂದೆ ಫಳಫಳ ಬಂಪರ್. ಚೆಂದವೇ. ಆದರೆ ನಮ್ಮ ಊರಿನ ಕಾರು ಕಾರವಾರದ ಬೀಚಿಗೆ ಹೊರಟರೆ, ನನ್ನ ಪ್ರಕಾರ ದಾರಿಗಿಂತ ಅಲ್ಲಿ ನಿಲ್ಲುವುದೇ ಕಷ್ಟ.

ಕಾರು ಮತ್ತು ಕಡಲಿನ ನಂಟು ಹಳೆಯದು. 1896ಕ್ಕೆ ಮುಂಚೆ ಬ್ರಿಟನ್ನಿನಲ್ಲಿ ಮೋಟಾರು ಗಾಡಿಯ ಮುಂದೆ ಒಬ್ಬ ಆಳು ನಡೆದು ಹೋಗಬೇಕಿತ್ತು! ಆ ವರ್ಷ ಈ ಕಾನೂನು ಹೋಯಿತು, ವೇಗದ ಮಿತಿ ಗಂಟೆಗೆ 14 ಮೈಲಿಗೆ ಏರಿತು. ಆ ಖುಷಿಗೆ ನವೆಂಬರ್ 14ರಂದು ಲಂಡನ್ನಿನಿಂದ ಬ್ರೈಟನ್ ಕಡಲ ತೀರಕ್ಕೆ ಗಾಡಿ ಓಡಿಸಿದರು. ಅದರ ನೆನಪಿನ ಓಟ ಈಗಲೂ ಇದೆ. 1905ಕ್ಕಿಂತ ಹಳೆಯ ಗಾಡಿಗಳಿಗೆ ಮಾತ್ರ ಅವಕಾಶ.

[ದೃಶ್ಯ: ಭೂಪಟದಲ್ಲಿ ಬಳ್ಳಾರಿಯಿಂದ ಅಂಕೋಲಾ]

ನಮಗೆ ದಾರಿ ಸಲೀಸು. ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ, ಅಲ್ಲಿಂದ ಕಾರವಾರ. ಒಂದು ಕಾಲಕ್ಕೆ ಅಂಕೋಲಾದವರೆಗೂ ಒಂದೇ ಹೆದ್ದಾರಿ, ನಂಬರ್ 63. ಎಚ್ಚರ ಬೇಕಿರುವುದು ಅರಬೈಲ್ ಘಾಟಿನಲ್ಲಿ. ಈ ಕಾರುಗಳಿಗೆ ಇರುವುದು ಡ್ರಮ್ ಬ್ರೇಕ್. ಇಳಿಜಾರಿನಲ್ಲಿ ಒತ್ತುತ್ತಲೇ ಇದ್ದರೆ ಕಾದು ಹಿಡಿತ ಬಿಡುತ್ತದೆ. ಎರಡನೇ ಗೇರಿಗೆ ಹಾಕಿ ನಿಧಾನ ಇಳಿಯಿರಿ, ಹಿಂದಿನವರು ಹಾರನ್ ಹೊಡೆದರೆ ಹೊಡೆಯಲಿ.

ಈಗ ಅಸಲಿ ವಿಷಯ, ಉಪ್ಪು. ತಗಡು ತುಕ್ಕು ಹಿಡಿಯಲು ತೇವ ಮತ್ತು ಗಾಳಿ ಸಾಕು. ತುಕ್ಕು ಹಿಡಿಯುವಾಗ ತಗಡಿನಲ್ಲಿ, ಅದರ ಮೇಲಿನ ತೇವದಲ್ಲಿ ಸಣ್ಣಗೆ ವಿದ್ಯುತ್ತು ಹರಿಯುತ್ತಿರುತ್ತದೆ. ತೇವದಲ್ಲಿ ಉಪ್ಪು ಸೇರಿದರೆ ಅದು ಇನ್ನೂ ಸಲೀಸಾಗಿ ಹರಿಯುತ್ತದೆ, ತುಕ್ಕಿನ ಕೆಲಸ ಜೋರಾಗುತ್ತದೆ. ಸಮುದ್ರದ ನೀರಿನಲ್ಲಿ ಸುಮಾರು 3.5% ಉಪ್ಪು. ಅಲೆ ಒಡೆದಾಗ ಸಣ್ಣ ಹನಿಗಳು ಗಾಳಿಯಲ್ಲಿ ತೇಲಿ ಬಂದು ಕಾರಿನ ಮೇಲೆ ಕೂರುತ್ತವೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಆ ಉಪ್ಪು ಮತ್ತೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಾಗಾಗಿ ಮುಟ್ಟಿದರೆ ಒಣಗಿದೆ ಅನಿಸಿದರೂ ಸಂದಿಗಳು ಒದ್ದೆಯೇ.

ಬಂಪರ್ ಉಕ್ಕಿನದು. ಅದರ ಮೇಲೆ ನಿಕ್ಕಲ್, ಅದರ ಮೇಲೆ ತೆಳ್ಳನೆಯ ಕ್ರೋಮ್. ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಇದ್ದರೂ ಉಪ್ಪುನೀರು ಒಳಗೆ ಇಳಿಯುತ್ತದೆ. ಆಮೇಲೆ ಚುಕ್ಕಿ ಚುಕ್ಕಿ ತುಕ್ಕು.

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಬಿಸಿಲನ್ನು ಎಷ್ಟು ಬೈದರೂ ಇಲ್ಲಿ ಅದು ಉಪಕಾರ ಮಾಡಿದೆ. ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ. ನಮ್ಮಲ್ಲಿ ಅದರ ಕಾಲುಭಾಗವೂ ಇಲ್ಲ. ಬಿಸಿಲಿಗೆ ಪೇಂಟ್ ಮಾಸುತ್ತದೆ, ಬಾಗಿಲಿನ ರಬ್ಬರ್ ಬಿರಿಯುತ್ತದೆ, ಧೂಳು ಎಲ್ಲೆಲ್ಲೋ ಹೊಗುತ್ತದೆ, ನಿಜ. ಆದರೆ ರಬ್ಬರ್ ಬದಲಿಸಬಹುದು. ತಿಂದುಹೋದ ತಗಡಿಗೆ ಟಿಂಕರಿಂಗಿನವರ ಹತ್ತಿರ ವಾರಗಟ್ಟಲೆ ಕಾಯಬೇಕು.

[ದೃಶ್ಯ: ಕಾರಿನ ಅಡಿಭಾಗಕ್ಕೆ ನೀರು ಹೊಡೆಯುತ್ತಿರುವುದು]

ಹೋಗಲೇಬೇಡಿ ಅಂತ ಹೇಳುತ್ತಿಲ್ಲ. ರಾತ್ರಿ ಮಾತ್ರ ಕಾರನ್ನು ತೀರದಲ್ಲಿ ಬಿಡಬೇಡಿ, ದೂರದ ಶೆಡ್ಡಿಗೆ ತನ್ನಿ. ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರುತ್ತದೆ, ಗಾಳಿಯಾಡುವ ಬಟ್ಟೆ ಸಾಕು. ವಾಪಸ್ ಹೊರಡುವ ಮುಂಚೆ ಸಿಹಿನೀರಿನಲ್ಲಿ ತೊಳೆಯಿರಿ. ಬಾನೆಟ್ ಉಜ್ಜುವುದಕ್ಕಿಂತ ಮಡ್‌ಗಾರ್ಡಿನ ಒಳಭಾಗ ಮುಖ್ಯ. ಅದು ಫೋಟೋದಲ್ಲಿ ಬರಲ್ಲ, ಅದಕ್ಕೇ ಯಾರೂ ತೊಳೆಯಲ್ಲ!

ದಾಖಲೆ ಬಗ್ಗೆ ಒಂದು ಮಾತು. 2021ರ ಕೇಂದ್ರದ ನಿಯಮದಲ್ಲಿ 50 ವರ್ಷ ದಾಟಿದ, ಹೆಚ್ಚು ಬದಲಾವಣೆ ಮಾಡದ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ. ಪ್ಲೇಟಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಪ್ರದರ್ಶನಕ್ಕೆ, ರ್‍ಯಾಲಿಗೆ ಒಯ್ಯಬಹುದು. ದಿನಾ ಆಫೀಸಿಗೆ ಓಡಿಸುವಂತಿಲ್ಲ.

ಇಂಥ ಉತ್ಸವಗಳಲ್ಲಿ ಹಳೇ ಕಾರಿನ ವ್ಯಾಪಾರದ ಮಾತೂ ನಡೆಯುತ್ತದೆ. ಕೊಳ್ಳುವ ಮನಸ್ಸಿದ್ದರೆ ಜೇಬಿನಲ್ಲಿ ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ. ಬಟ್ಟೆ ಸುತ್ತಿ ಬಾಗಿಲಿನ ಕೆಳಗಡೆ ಹಿಡಿಯಿರಿ. ಅಂಟದಿದ್ದರೆ ತುಕ್ಕು ತಿಂದ ಜಾಗ ಮುಚ್ಚಲು ಪೇಂಟಿನ ಕೆಳಗೆ ದಪ್ಪ ಪುಟ್ಟಿ ಮೆತ್ತಿರಬಹುದು. ಓನರನ್ನು ಕೇಳಿಯೇ ಹಿಡಿಯಿರಿ ಮತ್ತೆ. ಪೇಂಟ್ ಗೀರಿದರೆ ಜಗಳ ಗ್ಯಾರಂಟಿ.